ಕೌನ್ಸಿಲರ್ ಸಾಹೇಬರ ಕೊಡುಗೆ

ಶಾಲೆಯ ಚಾವಣಿಯ ಮೇಲೆ ಸುತ್ತಿಗೆ ಎತ್ತಿದ ಬಡಗಿ ಮಾಂಗ್ ಸೆಲ್ಸೊ ಹಾಗೇ ನಿಂತುಬಿಟ್ಟ. ಕೆಳಗೊಬ್ಬ ಗೇಟಿಗೆ ಬ್ಯಾನರು ಕಟ್ಟಿ, ಫೋಟೊ ಹೊಡೆದುಕೊಂಡು, ಬೈಕ್ ಹತ್ತಿ ಹೋದ. ಬ್ಯಾನರಿನಲ್ಲೊಂದು ದೊಡ್ಡ ನಗುಮುಖ. ಅದರಡಿಯಲ್ಲಿ ‘ಈ ಚಾವಣಿ ನಮ್ಮ ಕೌನ್ಸಿಲರ್ ಸಾಹೇಬರ ಕೊಡುಗೆ.’

ಶಾಲೆ ತೆರೆಯುವ ಮುಂಚೆ ಅಪ್ಪ ಅಮ್ಮಂದಿರೇ ಸೇರಿ ರಿಪೇರಿ ಮಾಡುವುದು ಫಿಲಿಪಿನೋಗಳ ವಾಡಿಕೆ. ಸೆಲ್ಸೊ ತೇಪೆ ಹಾಕುತ್ತಿರುವುದು ಇದು ಆರನೆಯ ವರ್ಷ. ತಗಡು ಮುಗಿದಿತ್ತು, ತೂತು ಮುಗಿದಿರಲಿಲ್ಲ.

“ಬೇಜಾರು ಮಾಡ್ಕೋಬೇಡಿ. ನಾವು ಫಿಲಿಪಿನೋಗಳು, ನಮ್ಮ ದೇಶಾನ ನಾವಲ್ದೆ ಇನ್ಯಾರು ಕಟ್ತಾರೆ?” ಎಂದರು ಏಣಿ ಹಿಡಿದಿದ್ದ ಟೀಚರ್ ಪುರಿಂಗ್.

“ಹೂಂ ಮೇಡಂ. ಪ್ರತಿ ವರ್ಷಾನೂ ನಾವೇ.”

ಸೆಲ್ಸೊ ಇಳಿದು ಬಂದು ಬ್ಯಾನರು ಬಿಚ್ಚಿದ. ಬೆರಳಲ್ಲಿ ಉಜ್ಜಿ ನೋಡಿದ, ದಪ್ಪಗಿತ್ತು. ಮತ್ತೆ ಹತ್ತಿ, ನಗುಮುಖವನ್ನು ಆಕಾಶಕ್ಕೆ ಮಾಡಿ ತೂತಿನ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಮೊಳೆ ಹೊಡೆದ.

“ಈಗ ಬರ್ದಿದ್ದು ನಿಜ ಆಯ್ತು ನೋಡಿ, ಮೇಡಂ.”