ಗೋಡೆ ಮೇಲೆ ಕೂತ ಡಚೆಸ್

ಡಚೆಸ್ ಬಂದಳು. ಇಂಗ್ಲೆಂಡಿನ ದಕ್ಷಿಣ ತುದಿಯಿಂದ ಸಮುದ್ರ ದಾಟಿ, ಬೆಲ್‌ಫಾಸ್ಟಿನ ಬೇರೆ ಯಾವ ಪಾರಿವಾಳವೂ ಕಾಣುವ ಮೊದಲೇ ಬಂದು, ಮರ್ವಿನ್ ಗಿಲಿಲ್ಯಾಂಡ್‌ನ ಹಿತ್ತಲಿನ ಗೂಡಿನ ಮೇಲೆ ಹೀರೋಯಿನ್ ಥರ ಒಂದು ಸುತ್ತು ಹೊಡೆದಳು. ಆಮೇಲೆ ಗೂಡಿಗೆ ಇಳಿಯುವುದು ಬಿಟ್ಟು, ಈ ಕಡೆಯ ಬ್ರಿಟಿಷರನ್ನೂ ಆ ಕಡೆಯ ಐರಿಶರನ್ನೂ ಬೇರೆ ಮಾಡಲು ಸರ್ಕಾರ ಕಟ್ಟಿದ ಎತ್ತರದ ಗೋಡೆಯ ನೆತ್ತಿಗೆ ಹೋಗಿ ಕೂತುಬಿಟ್ಟಳು.

"ಬಾರೇ ನನ್ನವ್ವ, ಬಾರೇ," ಮರ್ವಿನ್ ಕಾಳಿನ ಡಬ್ಬ ಅಲ್ಲಾಡಿಸಿದ. ಡಚೆಸ್ ಕತ್ತು ಓರೆ ಮಾಡಿ ನೋಡಿದಳು, ಅಷ್ಟೇ. ಕಾಲಿನ ರಬ್ಬರ್ ಉಂಗುರ ಬಿಚ್ಚಿ ರೇಸಿನ ಗಡಿಯಾರದೊಳಗೆ ಹಾಕುವವರೆಗೆ ಹಕ್ಕಿ ಬಂದ ಲೆಕ್ಕವಿಲ್ಲ. ಮೂವತ್ತು ವರ್ಷ ಪಾರಿವಾಳ ಸಾಕಿ ಒಂದು ಚಮಚವನ್ನೂ ಗೆಲ್ಲದ ಮರ್ವಿನ್‌ನ ಟ್ರೋಫಿ ಇವತ್ತು ಮೇಲೆ ಕೂತು ಪುಕ್ಕ ಕೆದರಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಹಕ್ಕಿ ಬಂದು ಅವಳ ಪಕ್ಕ ಕೂತಿತು. ಗೋಡೆಯಾಚೆಯಿಂದಲೂ ಡಬ್ಬದ ಸದ್ದು ಕೇಳಿತು. ಮರ್ವಿನ್‌ನ ಪಾರಿವಾಳದ ಕ್ಲಬ್ಬಿನವನೇ ಆದ ಫೆಲಿಮ್ ಟೋಲನ್.

"ಏ ಮರ್ವಿನ್! ನಿನ್ನ ಹುಡುಗಿ ನನ್ನ ಬಿಷಪ್‌ನ ತಲೆ ಕೆಡಿಸ್ತಿದಾಳೆ, ಒಳಗೆ ಕರ್ಕೊಳಯ್ಯಾ!"

"ನಿಮ್ಮ ಬಿಷಪ್‌ಗೆ ಹೆಣ್ಣು ಕಂಡ್ರೆ ಕಾಲು ನಿಲ್ಲಲ್ಲ ಅಂದ್ರೆ ಅದಕ್ಕೆ ನಾನೇನೋ ಮಾಡ್ಲಿ?"

ಟೀ ಹಿಡಿದು ಬಂದ ಹೆಂಡತಿ ಐರಿಸ್ ಮೇಲಕ್ಕೆ ನೋಡಿದಳು. "ಹಕ್ಕಿಗೆ ಹೆದರಿಕೆ ಕಣ್ರೀ. ಗೂಡಿನ ಮೇಲೆ ಅದೇನು ಪಟಪಟ ಅಂತಿದೆ ನೋಡಿ. ರೇಸಿನ ದಿನ ನಂಗೆ ಒಂದು ಟವೆಲ್ ಒಣಗ್ಹಾಕೋಕೆ ಬಿಟ್ಟೋರಲ್ಲ ನೀವು!"

ಮರ್ವಿನ್‌ನ ಮುಖ ಸುಟ್ಟ ಬ್ರೆಡ್ಡಿನಂತಾಯಿತು. ಮುನ್ನೂರು ವರ್ಷದ ಹಿಂದಿನ ಗೆಲುವಿನ ನೆನಪಿಗೆ ಈ ಕಡೆಯವರು ನಡೆಸುವ ಜುಲೈ ಹನ್ನೆರಡರ ಮೆರವಣಿಗೆ ಹತ್ತಿರ ಬಂತೆಂದು, ಡಬಲ್ ಮಂಚದ ಹೊದಿಕೆಯಷ್ಟು ದೊಡ್ಡ ಬ್ರಿಟಿಷ್ ಬಾವುಟವನ್ನು ಗೂಡಿನ ಮೇಲೆ ಏರಿಸಿದ್ದವನು ಅವನೇ, ನಿನ್ನೆ, ಹಕ್ಕಿಗಳು ಊರಲ್ಲಿಲ್ಲದಾಗ. ಅದನ್ನು ಕಂಡು ಉರಿದುಹೋದ ಫೆಲಿಮ್ ಬೆಳಿಗ್ಗೆಯೇ ತನ್ನ ಗೂಡಿನ ಮೇಲೆ ಅದಕ್ಕಿಂತ ಒಂದು ಮೊಳ ದೊಡ್ಡ ಐರಿಶ್ ಬಾವುಟ ಕಟ್ಟಿದ್ದ.

"ಇಳಿಸಿ ಮತ್ತೆ," ಅಂದಳು ಐರಿಸ್.

"ಜುಲೈನಲ್ಲಾ? ಈ ಬೀದೀಲಿ ಜುಲೈನಲ್ಲಿ ಬಾವುಟ ಇಳಿಸಿದೋನು ಮಾರನೇ ದಿನ ಮನೆ ಖಾಲಿ ಮಾಡ್ಬೇಕು ಕಣೇ. ಆ ಕಿಟಕಿಗಳನ್ನ ನೋಡು, ಎಲ್ರೂ ಪರದೆ ಸರಿಸ್ಕೊಂಡು ಸಿನಿಮಾ ನೋಡ್ತಿದಾರೆ."

ಗೋಡೆಯಾಚೆಯೂ ಇದೇ ಸಿನಿಮಾ ಓಡುತ್ತಿತ್ತೆಂದು ಕಾಣುತ್ತದೆ. ಫೆಲಿಮ್‌ನ ದನಿ ಕೊಂಚ ಮೆತ್ತಗಾಯಿತು. "ಲೋ, ಒಂದು ಡೀಲು. ಮೂರು ಎಣಿಸೋಣ. ಇಬ್ರೂ ಒಟ್ಟಿಗೇ ಇಳಿಸೋಣ."

"ಸೈ. ಒಂದು... ಎರಡು... ಮೂರು!"

ಎರಡೂ ಬಾವುಟ ಗತ್ತಿನಿಂದ ಹಾರಾಡುತ್ತಲೇ ಇದ್ದವು.

"ಯಾಕೋ ಇಳಿಸ್ಲಿಲ್ಲ, ಮೋಸಗಾರ?"

"ನೀನು ಇಳಿಸ್ತೀಯೇನೋ ಅಂತ ನೋಡ್ತಿದ್ದೆ!"

"ನಾನೂ ಅದನ್ನೇ ನೋಡ್ತಿದ್ದೆ ಕಣಯ್ಯಾ!"

ಆಗ ದಕ್ಷಿಣದ ಆಕಾಶದಲ್ಲಿ ಮೂರನೆಯದೊಂದು ಚುಕ್ಕೆ ಕಾಣಿಸಿತು. ಕ್ಲಬ್ಬಿನ ಅಧ್ಯಕ್ಷನ ಹಕ್ಕಿ. ಅವನ ಗೂಡಿನ ಮೇಲೆ ಯಾವ ಬಾವುಟವೂ ಇಲ್ಲ. ಪುಣ್ಯಾತ್ಮನ ಮನೆ ಊರಾಚೆ. ಮರ್ವಿನ್‌ಗೆ ಮೂವತ್ತು ವರ್ಷದ ಸೋಲೆಲ್ಲ ಒಮ್ಮೆಗೇ ನೆನಪಾಯಿತು. ಹಗ್ಗಕ್ಕೆ ಕೈ ಹಾಕಿ, ಇಡೀ ಬೀದಿಗೆ ಕೇಳುವಂತೆ ಗುಡುಗಿದ:

"ಐರಿಸ್! ಬಾವುಟದ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ! ರಾಣಿಯವರಿಗೆ ಅವಮಾನ! ನಾನು ಬದುಕಿರೋವರೆಗೂ ಇದು ನಡೆಯಲ್ಲ! ತಗೋ, ಈಗಿಂದೀಗ್ಲೇ ಒಗಿ!"

ಬಾವುಟ ಸರ್ರನೆ ಇಳಿಯಿತು. ಕಿಟಕಿಗಳಲ್ಲಿ ಎಲ್ಲರೂ ತಲೆದೂಗಿದರು. ದೇಶಭಕ್ತಿಗೆ ಎದುರು ಮಾತುಂಟೇ? ಡಚೆಸ್ ಕಲ್ಲಿನಂತೆ ಕೆಳಗೆ ಬಿದ್ದು ಗೂಡು ಹೊಕ್ಕಳು. ಮರ್ವಿನ್ ಉಂಗುರ ಬಿಚ್ಚಿ ಗಡಿಯಾರಕ್ಕೆ ಹಾಕಿ ಠಕ್ಕನೆ ತಿರುಗಿಸಿದ. ಅದಾದ ಮೇಲೆ ಗೋಡೆಯಾಚೆಯಿಂದ ಕೂಗು ಬಂತು: "ಅಯ್ಯೋ, ಇಲ್ಲೂ ಹಾಕ್ಬಿಟ್ಟಿದೆ! ಸೋಪು ತಗೊಂಬಾರೇ!"

ಟ್ರೋಫಿ ಮನೆಗೆ ಬಂದ ಸಂಜೆ ಫೆಲಿಮ್ ಗೋಡೆ ಬಡಿದ. "ನೀನು ನಿಜವಾಗ್ಲೂ ಇಳಿಸಿದೀಯ ಅಂತ ನಂಬೋಕೇ ಅರ್ಧ ನಿಮಿಷ ಹಿಡೀತು ಕಣೋ. ಆ ಅರ್ಧ ನಿಮಿಷದಲ್ಲಿ ಎಲ್ಲಾ ಹೋಯ್ತು."

"ನಮ್ಮ ಹಿರೀಕರು ಮುನ್ನೂರು ವರ್ಷ ತಗೊಂಡ್ರೂ ಒಬ್ಬರನ್ನೊಬ್ರು ನಂಬ್ಲಿಲ್ಲ. ನೀನು ಅರ್ಧ ನಿಮಿಷಕ್ಕೇ ಅಳ್ತೀಯಲ್ಲೋ!"

ಹನ್ನೆರಡನೇ ತಾರೀಖು ಬೆಲ್‌ಫಾಸ್ಟಿನಲ್ಲಿ ಅಪರೂಪದ ಬಿಸಿಲು. ಬೀದಿಯ ತುಂಬ ಡೋಲು, ಕೊಳಲು. ಮೆರವಣಿಗೆಗೆ ಹೊರಟ ಪಕ್ಕದ ಮನೆಯವನು ಬೋಳು ಗೂಡನ್ನು ನೋಡಿ, "ಏನಪ್ಪಾ, ಬಾವುಟ ಎಲ್ಲಿ?" ಅಂದ.

ಶನಿವಾರದ ರೇಸಿಗೆ ಡಚೆಸ್‌ಳ ರೆಕ್ಕೆ ಸವರುತ್ತಿದ್ದ ಮರ್ವಿನ್ ತಲೆಯೆತ್ತಲಿಲ್ಲ. "ಇನ್ನೂ ಒಣಗಿಲ್ಲ ಕಣೋ. ದಪ್ಪ ಬಟ್ಟೆ."

ಗೋಡೆಯಾಚೆ ಫೆಲಿಮ್ ಯಾರಿಗೋ ಅದೇ ಮಾತು ಹೇಳುತ್ತಿದ್ದ. ಆ ವರ್ಷ ಸೆಪ್ಟೆಂಬರಿನಲ್ಲಿ ಕೊನೆಯ ರೇಸು ಮುಗಿಯುವವರೆಗೂ ಆ ಎರಡು ಬಾವುಟಗಳು ಒಣಗಲೇ ಇಲ್ಲ.