ಎರಡು ಊರಿನ ಕೀಲಿಕೈ

"ಅಮ್ಮ, ಮ್ಯಾಡ್ರಿಡ್ ನೀರು ಎಷ್ಟು ರುಚಿ ಗೊತ್ತಾ? ನಲ್ಲಿಯಿಂದ ಹಿಡಿದು ಹಾಗೇ ಕುಡೀಬಹುದು," ಎಂದ ರಾಮಿರೊ. ಬಡಿಸುತ್ತಿದ್ದ ಫೆಲಿಸಾಳ ಕೈ ಅಲ್ಲೇ ನಿಂತಿತು. ಹದಿನೇಳು ವರ್ಷದಿಂದ ಬಾರ್ಸಿಲೋನಾದಲ್ಲಿ ಸಂಸಾರ ಹೂಡಿರುವ ಈ ಮಗನ ಬಾಯಲ್ಲಿ ಮ್ಯಾಡ್ರಿಡ್ ಬಗ್ಗೆ ಒಂದು ಒಳ್ಳೆಯ ಮಾತನ್ನು ಅವಳು ಇದುವರೆಗೂ ಕೇಳಿರಲಿಲ್ಲ.

ಮಗಳು ಇನೆಸ್ ಇರುವುದು ಮ್ಯಾಡ್ರಿಡ್‌ನಲ್ಲಿ. ಅಣ್ಣ ತನ್ನೂರನ್ನು ಹೊಗಳಿದ್ದಕ್ಕೆ ಅವಳು ಬೀಗಬೇಕಾಗಿತ್ತು. ಬದಲಿಗೆ, ನೀರೇನೋ ಸರಿ, ಅಲ್ಲಿಯ ಚಳಿ ಅಮ್ಮನ ಮೊಣಕಾಲು ಹಿಡಿದುಬಿಡುತ್ತದೆ, ಬಾರ್ಸಿಲೋನಾದಲ್ಲಾದರೆ ಜನವರಿಯಲ್ಲೂ ಸಮುದ್ರದ ದಡದಲ್ಲಿ ಬಿಸಿಲಿಗೆ ಕೂರಬಹುದು ಎಂದಳು. ರಾಮಿರೊ ಬಿಡಲಿಲ್ಲ. ಬಾರ್ಸಿಲೋನಾದಲ್ಲಿ ಬ್ರೆಡ್ ಅಂಗಡಿಗೆ ಹೋದರೂ ಕತಲಾನ್ ಮಾತು, ಅಮ್ಮನಿಗೆ ಒಂದಕ್ಷರ ತಿಳಿಯುವುದಿಲ್ಲ, ಮ್ಯಾಡ್ರಿಡ್‌ನಲ್ಲಿ ಬಸ್ಸಿಗೆ ಕಾಯುವಷ್ಟರಲ್ಲಿ ನಾಲ್ಕು ಜನ ಗೆಳತಿಯರಾಗುತ್ತಾರೆ ಎಂದ. ಎರಡೂ ಊರಿನ ತಂಡಗಳ ಫುಟ್‌ಬಾಲ್ ಪಂದ್ಯದ ಮಾರನೆಯ ದಿನ ಒಬ್ಬರ ಫೋನನ್ನು ಇನ್ನೊಬ್ಬರು ಎತ್ತದ ಮಕ್ಕಳು ಇವರು.

ಎರಡೂ ಊರುಗಳ ನಡುವಿನ ಜರಗೋಜಾದ ಈ ಐದು ಮಹಡಿಯ ಕಟ್ಟಡದ ಬಾಗಿಲು ಕಾಯುತ್ತ ಫೆಲಿಸಾ ಮೂವತ್ತೊಂದು ವರ್ಷ ಕಳೆದಿದ್ದಳು. ಹೊರಬಾಗಿಲ ಪಕ್ಕ ಒಂದು ಗಾಜಿನ ಗೂಡು, ಅದರ ಹಿಂದೆ ಎರಡು ಕೋಣೆ. ಕೆಲಸ ಇರುವವರೆಗೆ ಮನೆಯೂ ಅವಳದು. ಬರುವ ತಿಂಗಳಿಂದ ಬಾಗಿಲು ಕಾಯಲು ಯಂತ್ರ ಬರಲಿತ್ತು, ಅವಳು ಕೋಣೆ ಖಾಲಿ ಮಾಡಬೇಕಿತ್ತು. ಅಮ್ಮ ಯಾವ ಊರಿಗೆ ಬರಬೇಕು ಎಂದು ತೀರ್ಮಾನಿಸಲೆಂದೇ ಇಬ್ಬರೂ ಈ ಭಾನುವಾರ ರೈಲು ಹತ್ತಿ ಬಂದಿದ್ದರು. ಮೂರನೇ ಮಹಡಿಯಲ್ಲಿ ಒಂಟಿಯಾಗಿರುವ ಅಮಾಲಿಯಾ, ನನ್ನಲ್ಲೊಂದು ಕೋಣೆ ಸುಮ್ಮನೆ ಬಿದ್ದಿದೆ, ಜೊತೆಗಿರು ಬಾ ಎಂದು ಎರಡು ಸಲ ಕರೆದಿದ್ದಳು. ನನಗೆ ಇಬ್ಬರು ಮಕ್ಕಳಿದ್ದಾರಲ್ಲ ಎಂದು ಫೆಲಿಸಾ ಹೆಮ್ಮೆಯಿಂದಲೇ ಬೇಡವೆಂದಿದ್ದಳು.

ಗಾಜಿನ ಹಿಂದೆ ಕೂತು ಕೂತು ಅವಳಿಗೆ ಒಂದು ವಿದ್ಯೆ ಒಲಿದಿತ್ತು. ನಾಲ್ಕನೇ ಮಹಡಿಯ ವಿದ್ಯಾರ್ಥಿ ಒಂದು ದಿನ ಒಂದೇ ಉಸಿರಿಗೆ ಮೂರು ಸಲ ನಮಸ್ಕಾರ ಹೇಳಿದಾಗಲೇ ಅವನ ಕೋಟಿನೊಳಗೆ ಕದ್ದುಮುಚ್ಚಿ ತಂದ ನಾಯಿಮರಿ ಇದೆಯೆಂದು ಕಂಡುಹಿಡಿದವಳು ಅವಳು. ಇವತ್ತು ಇನೆಸ್ ಹುರಿದ ಕುರಿಮರಿಯ ಒಳ್ಳೆಯ ತುಂಡನ್ನು ತಾನಾಗಿ ಅಣ್ಣನ ತಟ್ಟೆಗೆ ಹಾಕಿದ್ದಳು. ಚಿಕ್ಕಂದಿನಲ್ಲಿ ಆ ತುಂಡಿಗಾಗಿ ಜುಟ್ಟು ಹಿಡಿದು ಕಿತ್ತಾಡಿದವರು. ರಾಮಿರೊ ತಂಗಿಯ ಲೋಟ ಬರಿದಾಗದಂತೆ ವೈನ್ ಸುರಿಯುತ್ತಿದ್ದ. ಒಬ್ಬರಿಗೊಬ್ಬರು ಏನನ್ನೋ ದಾಟಿಸಲು ನೋಡುತ್ತಿದ್ದಾರೆ ಎನ್ನಿಸಿತು ಫೆಲಿಸಾಳಿಗೆ. ಪರೀಕ್ಷಿಸಿಯೇ ನೋಡೋಣವೆಂದು ಮಗಳ ಕಡೆ ತಿರುಗಿದಳು.

"ಆಯ್ತು ಇನೆಸ್, ನೀನು ಹೇಳೋದೇ ಸರಿ. ಬಾರ್ಸಿಲೋನಾಗೇ ಹೋಗ್ತೀನಿ."

ಇನೆಸ್ ಸಮಾಧಾನದ ಉಸಿರು ಬಿಟ್ಟಳು. ರಾಮಿರೊ ಬಾಯೊಳಗಿನ ತುತ್ತು ಅಗಿಯುವುದನ್ನೇ ಮರೆತ. "ಆತುರ ಯಾಕಮ್ಮ?" ಎಂದ ಆಮೇಲೆ. "ನಮ್ಮ ಬೀದಿ ತುಂಬ ಪ್ರವಾಸಿಗರ ಕಾಟ. ಹೊತ್ತಿಲ್ಲ ಗೊತ್ತಿಲ್ಲ, ಸೂಟ್‌ಕೇಸ್ ಎಳ್ಕೊಂಡು ಓಡಾಡ್ತಾನೇ ಇರ್ತಾರೆ. ನಿನಗೆ ನಿದ್ದೆ ಹತ್ತಲ್ಲ."

"ಹೌದಾ? ಹಾಗಾದ್ರೆ ಮ್ಯಾಡ್ರಿಡ್."

"ಆಗಸ್ಟ್‌ನಲ್ಲಿ ನಮ್ಮೂರು ಕಾದ ಕಾವಲಿ ಅಮ್ಮ. ನಾವೇ ಊರು ಬಿಟ್ಟು ಓಡ್ತೀವಿ."

"ಈಗ ತಾನೇ ಚಳಿ ಅಂದೆ?"

"ಎರಡೂ ಇದೆ," ಎಂದಳು ಇನೆಸ್, ತಟ್ಟೆ ನೋಡುತ್ತ.

ಫೆಲಿಸಾಳಿಗೆ ಸಂಕಟವಾಯಿತು. ಅನುಮಾನ ನಿಜವಾದಾಗಲೆಲ್ಲ ಗೆದ್ದಷ್ಟು ಖುಷಿಯಾಗುತ್ತಿತ್ತು ಅವಳಿಗೆ. ಇವತ್ತು ಆಗಲಿಲ್ಲ. ಎದ್ದು ಗಾಜಿನ ಗೂಡಿಗೆ ಹೋದಳು. ಅಲ್ಲಿಯ ಹಲಗೆಯಲ್ಲಿ ಮನೆಮನೆಯ ಕೀಲಿಕೈಗಳು ಸಾಲಾಗಿ ತೂಗುತ್ತಿದ್ದವು. ಸಾಲಿನ ಕೊನೆಯ ಎರಡು, ಮಕ್ಕಳು ಹೊಸ ಮನೆ ಮಾಡಿದಾಗ 'ಇದು ನಿನ್ನದೇ ಮನೆ ಅಮ್ಮ' ಎಂದು ಕೊಟ್ಟವು. ಪ್ರತಿ ಶನಿವಾರ ಅವನ್ನು ಒರೆಸಿ ಇಡುತ್ತಿದ್ದಳು. ಒಂದನ್ನಾದರೂ ಬೀಗಕ್ಕೆ ಹಾಕಿ ತಿರುಗಿಸಿ ನೋಡಿರಲಿಲ್ಲ. ಎರಡನ್ನೂ ತಂದು ಮ್ಯಾಡ್ರಿಡ್‌ನದನ್ನು ಮಗನ ಮುಂದೆ, ಬಾರ್ಸಿಲೋನಾದ್ದನ್ನು ಮಗಳ ಮುಂದೆ ಇಟ್ಟಳು.

"ಅಷ್ಟು ಒಳ್ಳೇ ನೀರಿದ್ರೆ ನೀನೇ ಹೋಗಿ ಕುಡಿಯೋ ಮಗನೇ. ನೀನು ಹೋಗಿ ಬಿಸಿಲು ಕಾಯಿಸ್ಕೊಳ್ಳೇ. ನನ್ನ ದಾರಿ ನಾನು ನೋಡ್ಕೋತೀನಿ."

ಹಾಗನ್ನಬೇಡಮ್ಮ, ನಮ್ಮನೆಗೇ ಬಾ ಎಂದು ಇಬ್ಬರಲ್ಲಿ ಒಬ್ಬರಾದರೂ ಅಂದಾರು ಎಂದು ಕಾಫಿ ತಣ್ಣಗಾಗುವವರೆಗೆ ಕಾದಳು. ರಾಮಿರೊ ಗಡಿಯಾರ ನೋಡಿದ. ಇಬ್ಬರಿಗೂ ಐದು ಗಂಟೆಯ ಹೊತ್ತಿಗೆ ರೈಲಿತ್ತು. ಕೆನ್ನೆಗೆ ಮುತ್ತಿಟ್ಟು ಎದ್ದರು, ಕೀಲಿಕೈಗಳನ್ನೂ ಎತ್ತಿಕೊಂಡರು.

ಅಮ್ಮ ಒಳಗೆ ಪಾತ್ರೆ ತೊಳೆಯುತ್ತಿದ್ದಾಳೆ ಎಂದುಕೊಂಡಿರಬೇಕು. ಹೊರಬಾಗಿಲ ಬಳಿ ನಿಂತು ಕೀಲಿಕೈ ಅದಲು ಬದಲು ಮಾಡಿಕೊಂಡರು. ಅವರವರ ಮನೆಯದು ಅವರವರ ಜೇಬಿಗೆ ಹೋಯಿತು. ತಲೆಯೆತ್ತಿದಾಗ ಗಾಜಿನ ಹಿಂದೆ ಅಮ್ಮ ಕೂತಿದ್ದಳು.

"ಬರ್ತೀವಮ್ಮ," ಎಂದ ರಾಮಿರೊ. "ಬರ್ತೀವಮ್ಮ," ಎಂದಳು ಇನೆಸ್. ಬೀದಿಗೆ ಇಳಿದ ಮೇಲೆ ಹಿಂತಿರುಗಿ, ಇಬ್ಬರೂ ನಗುನಗುತ್ತ ಕೈ ಬೀಸಿ, ಮೂರನೇ ಸಲ ಹೇಳಿದರು.

ಫೆಲಿಸಾ 'ಈಗ ಬರುತ್ತೇನೆ' ಎಂಬ ಫಲಕವನ್ನು ಗಾಜಿಗೆ ತೂಗುಹಾಕಿ, ಮೂರನೇ ಮಹಡಿಗೆ, ಅಮಾಲಿಯಾಳ ಮನೆಯತ್ತ, ಮೆಟ್ಟಿಲು ಹತ್ತತೊಡಗಿದಳು.