ಓಲೆ ಹಾಕಿದ ಇಲಿ

ಬೋನಿಗೆ ಬಿದ್ದ ಇಲಿಯನ್ನು ಬಕೆಟ್ ನೀರಿಗೆ ಅದ್ದಲು ಹೊರಟ ಕಾಂತಮ್ಮನ ಕೈ ಹಾಗೇ ನಿಂತಿತು. ಇಲಿಯ ಕಿವಿಯಲ್ಲಿ ಓಲೆ! ಅಕ್ಕಿಕಾಳಿನಷ್ಟು ತಗಡು, ಅದರ ಮೇಲೊಂದು ನಂಬರು.

ಡೇರಿಗೆ ಹಾಲು ಹಾಕುವ ಮನೆ ಅವಳದು. ಕಿವಿಯಲ್ಲಿ ಓಲೆ ಇರುವ ಹಸು ದಾರಿತಪ್ಪಿ ಬಂದರೆ ಹಿಡಿದುಕೊಂಡು ಹೋಗಿ ಯಜಮಾನರಿಗೆ ಒಪ್ಪಿಸಬೇಕು. ಹಸುವಿಗೊಂದು ನ್ಯಾಯ, ಇಲಿಗೊಂದು ನ್ಯಾಯವೇ? ಜೊತೆಗೆ, ಬಿತ್ತನೆಗಿಟ್ಟ ಕಡ್ಲೇಕಾಯಿ ಚೀಲ ತೂತಾದ ಸಿಟ್ಟು ಬೇರೆ. ಕಾಮಸಮುದ್ರದ ಕಾಡಿನಲ್ಲಿ ಎರಡು ವರ್ಷದಿಂದ ಸಂಶೋಧನೆಗೆಂದು ಇಲಿಗಳಿಗೆ ಓಲೆ ಹಾಕಿ ಎಣಿಸುತ್ತಿದ್ದ ಭಾರ್ಗವಿಯ ಹತ್ತಿರ ಬೋನಿನ ಸಮೇತ ನಡೆದಳು.

"ತಗೋಮ್ಮ, ನಿನ್ನ ಇಲಿ. ಮೇಸಕ್ಕಾಗ್ದಿದ್ರೆ ಯಾಕ್ ಸಾಕ್ಬೇಕು? ಬಿತ್ತನೆ ಕಾಯೆಲ್ಲ ತಿಂದಾಕೈತೆ."

ನಂಬರು ಓದಿದ ಭಾರ್ಗವಿ ಕೂತ ಕಲ್ಲಿನಿಂದ ಎದ್ದೇಬಿಟ್ಟಳು.

"ಅಯ್ಯೋ ಅಕ್ಕಾ, ಇದು ಸತ್ತುಹೋಯ್ತು ಅಂತ ಬರೆದಿದ್ದೆ! ಎಲೆ ಉದುರಿದ ಮೇಲೆ ಓಲೆ ಹಾಕಿದ ಮೂವತ್ತೆರಡು ಇಲಿ ಕಾಣೆ. ಆ ಓಲೆಯಿಂದಲೇ ಸತ್ತವೇನೋ, ನಾನೇ ಕೊಂದೆನೇನೋ ಅಂತ..." ಕಣ್ಣು ತುಂಬಿದರೂ ಮುಖವೆಲ್ಲ ನಗು.

ಆ ನಗು ಕಂಡು ಕಾಂತಮ್ಮನ ಸಿಟ್ಟು ಅರ್ಧ ಇಳಿಯಿತು. "ಸಾಯೋದ್ಯಾಕೆ? ಕಾಡ್ನಾಗೆ ಕಾಳಿಲ್ಲ, ಊರಿಗ್ ಬಂದವೆ. ಇಟ್ಕೋ, ನಾನ್ ಬತ್ತೀನಿ."

"ಇಟ್ಕೊಳ್ಳೋ ಹಾಗಿಲ್ಲ ಅಕ್ಕಾ. ಹಿಡಿದ ಜಾಗದಲ್ಲೇ ಬಿಡಬೇಕು. ಇಲ್ಲದಿದ್ರೆ ಅವು ತಾವಾಗಿ ಎಲ್ಲಿಗೆ ಹೋಗ್ತವೆ, ಯಾವಾಗ ವಾಪಸ್ ಬರ್ತವೆ, ಗೊತ್ತಾಗಲ್ಲ."

"ಇಡ್ದಿದ್ದು ಬಿತ್ತನೆ ಚೀಲದ ಪಕ್ಕ ಕಣಮ್ಮ!"

ಭಾರ್ಗವಿ ಬೋನನ್ನು ಎದೆಗವುಚಿಕೊಂಡು ಕಾಂತಮ್ಮನ ಮುಖವನ್ನೇ ನೋಡುತ್ತ ನಿಂತಳು. ಹೆಣ್ಣುಮಗಳು ಹಾಗೆ ನಿಂತರೆ ಇಲ್ಲ ಎನ್ನುವುದು ಯಾರಿಂದಾದೀತು? ಕಾಂತಮ್ಮ ಗೊಣಗುತ್ತಲೇ ಬೋನು ಇಸಿದುಕೊಂಡು ಮನೆಯ ದಾರಿ ಹಿಡಿದಳು.

ಹೊಲದಿಂದ ಬಂದ ಗಂಡ ವೆಂಕಟಪ್ಪ ಬಾಗಿಲಲ್ಲೇ ನಿಂತ. ಬಿತ್ತನೆ ಚೀಲ ಅಟ್ಟ ಸೇರಿತ್ತು. ಕೆಳಗೆ ಒಂದು ಹಿಡಿ ಜೊಳ್ಳು ಕಾಯಿ ಹರಡಿ, ಹೆಂಡತಿ ಬೋನಿನ ಬಾಗಿಲು ತೆಗೆಯುತ್ತಿದ್ದಳು.

"ಇದೇನೇ, ನೆಂಟ್ರಿಗ್ ಇಕ್ಕಿದಂಗೆ ಇಕ್ತಿದ್ದೀಯ?"

"ಇನ್ನೂ ಮೂವತ್ತೊಂದು ಬರೋದೈತೆ. ಆ ಮಗು ಎಣಿಸ್ಕೊಂಡು ಓಗ್ಲಿ," ಎಂದಳು ಕಾಂತಮ್ಮ. "ನೀವು ಮದ್ಲು ಆ ಬೆಕ್ಕನ್ನ ಕಟ್ಟಾಕ್ರಿ."